ಪರೀಕ್ಷೆ ಪ್ಯಾಡಿನೊಳಗಿನ ಮರ

ಮಕ್ಕಳೇ, ಪರೀಕ್ಷೆಗೆ ಒಯ್ಯುವ ಕಂದು ಬಣ್ಣದ ಪ್ಯಾಡು ಮನೆಯಲ್ಲಿದ್ದರೆ ಕೈಗೆ ತೆಗೆದುಕೊಳ್ಳಿ. ಪ್ಲಾಸ್ಟಿಕ್ಕಿನದಲ್ಲ, ಹಲಗೆಯದು. ಮುಂಭಾಗ ಕೈ ಜಾರುವಷ್ಟು ನುಣುಪು. ಈಗ ಹಿಂದೆ ತಿರುಗಿಸಿ. ತುಂಬಾ ಪ್ಯಾಡುಗಳ ಹಿಂಭಾಗದಲ್ಲಿ ಜರಡಿಯ ಅಚ್ಚೊತ್ತಿದಂತೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಅದು ಅಂದಕ್ಕೆ ಹಾಕಿದ್ದಲ್ಲ. ಮರದ ನಾರನ್ನು ನೀರಿನಲ್ಲಿ ಕದಡಿ, ತಂತಿ ಜಾಲರಿಯ ಮೇಲೆ ಹರಡಿ, ಕಾದ ಯಂತ್ರದಲ್ಲಿ ಒತ್ತುತ್ತಾರೆ. ಆಗ ಒಳಗಿನ ನೀರು, ಆವಿ ಎಲ್ಲ ಹೊರಹೋಗಲು ದಾರಿ ಬೇಕು. ಆ ದಾರಿಯೇ ಜಾಲರಿ. ಹಲಗೆ ಗಟ್ಟಿಯಾಗುವಾಗ ಜಾಲರಿಯ ಗುರುತು ಅದರ ಬೆನ್ನ ಮೇಲೆ ಉಳಿದುಬಿಡುತ್ತದೆ.

ಇದಕ್ಕೆ ಹಾರ್ಡ್‌ಬೋರ್ಡ್ ಎನ್ನುತ್ತಾರೆ. ಇದರ ಹತ್ತಿರದ ನೆಂಟನೇ ಎಚ್‌ಡಿಎಫ್, ಅಂದರೆ ಹೆಚ್ಚು ಸಾಂದ್ರತೆಯ ನಾರು ಹಲಗೆ. ಕೋಲಾರ ಜಿಲ್ಲೆಯ ಗೌನಿಪಲ್ಲಿಯಲ್ಲಿ ಹೊಸ ಮನೆ ಕಟ್ಟಿಸುವವರು ಶ್ರೀನಿವಾಸಪುರಕ್ಕೋ ಚಿಂತಾಮಣಿಗೋ ಹೋಗಿ ಪ್ಲೈವುಡ್ ಅಂಗಡಿಯಲ್ಲಿ ಕೇಳಿದರೆ ಎಂಡಿಎಫ್ (ಮಧ್ಯಮ ಸಾಂದ್ರತೆಯ ನಾರು ಹಲಗೆ), ಎಚ್‌ಡಿಎಫ್, ಎಚ್‌ಡಿಎಚ್‌ಎಂಆರ್ (ಹೆಚ್ಚು ಸಾಂದ್ರತೆಯ, ತೇವ ತಡೆಯುವ ಹಲಗೆ) ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. "ಅದೆಲ್ಲ ಮರದ ಹೊಟ್ಟು ಒತ್ತಿ ಮಾಡಿದ್ದು ಬಿಡಿ" ಎಂದು ಹಿರಿಯರು ಹೇಳುವುದುಂಟು. ಇದು ಸರಿಯಲ್ಲ. ಹೊಟ್ಟು, ಪುಡಿ, ಚೂರುಗಳನ್ನು ಅಂಟಿಸಿ ಮಾಡುವುದು ಪಾರ್ಟಿಕಲ್ ಬೋರ್ಡ್. ನಾರು ಹಲಗೆಯ ಕಥೆಯೇ ಬೇರೆ.

ಆ ಕಥೆ ನಿಮ್ಮ ಊರ ಸುತ್ತಲಿನ ನೀಲಗಿರಿ ತೋಪುಗಳಿಂದಲೇ ಶುರುವಾಗಲಿ. ಸುಮಾರು 1790ರ ವೇಳೆಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದಲ್ಲಿ ಈ ಆಸ್ಟ್ರೇಲಿಯಾದ ಮರವನ್ನು ನೆಡಿಸಿದನೆಂದು ಹೇಳುತ್ತಾರೆ. ಆಮೇಲೆ ಕೋಲಾರದ ಬಯಲಿನಲ್ಲೆಲ್ಲ ಅದು ಹಬ್ಬಿತು. ಬೇಗ ಬೆಳೆಯುತ್ತದೆ, ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಆದರೆ ಅಂತರ್ಜಲ ಬತ್ತುತ್ತಿದೆ ಎಂಬ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀರಿಗಾಗಿ ಸಾವಿರ ಅಡಿ ಆಚೆಗೂ ಕೊಳವೆಬಾವಿ ಕೊರೆಯುವ ಈ ಜಿಲ್ಲೆಯಲ್ಲಿ ಅದು ಬೇಕಾಗಿದ್ದ ನಿರ್ಧಾರವೇ. ತೊಲೆಯಾಗದ, ನೀಲಗಿರಿಯಂಥ ಸಣ್ಣ ದಪ್ಪದ ಮರಗಳೇ ನಾರು ಹಲಗೆಗೆ ಬೇಕಾದ ಕಚ್ಚಾ ವಸ್ತು. ನಮ್ಮ ರಾಜ್ಯದ ಚಿಕ್ಕಮಗಳೂರಿನಲ್ಲಿ ಇಂಥ ಹಲಗೆಯ ಕಾರ್ಖಾನೆ ಇದೆ. ಗಡಿಯಾಚೆ ಆಂಧ್ರದ ಶ್ರೀಕಾಳಹಸ್ತಿಯ ಬಳಿಯೂ ಇದೆ.

ಮರದ ಒಳಗೆ ಏನಿದೆ? ಸೆಲ್ಯುಲೋಸ್‌ನಿಂದಾದ ಸಣ್ಣ ಸಣ್ಣ ನಾರುಗಳು. ನೀಲಗಿರಿಯ ಒಂದು ನಾರು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉದ್ದ, ಅಂದರೆ ನಿಮ್ಮ ಸ್ಕೇಲಿನ ಅತಿ ಚಿಕ್ಕ ಮನೆಯಷ್ಟು. ಲಕ್ಷಾಂತರ ನಾರುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ವಸ್ತುವಿನ ಹೆಸರು ಲಿಗ್ನಿನ್. ಬಿಸಿ ತಾಗಿದರೆ ಲಿಗ್ನಿನ್ ಮೆತ್ತಗಾಗುತ್ತದೆ. ಕಾರ್ಖಾನೆಯವರು ಈ ಗುಣವನ್ನೇ ಹಿಡಿದುಕೊಂಡಿದ್ದಾರೆ. ತೊಗಟೆ ಸುಲಿದ ಮರವನ್ನು ಚಕ್ಕೆ ಮಾಡಿ, ಒತ್ತಡದ ಆವಿಯಲ್ಲಿ ಬೇಯಿಸಿ, ತಿರುಗುವ ಉಕ್ಕಿನ ತಟ್ಟೆಗಳ ನಡುವೆ ಅರೆಯುತ್ತಾರೆ. ಆಗ ನಾರುಗಳು ಒಂದೊಂದಾಗಿ ಬಿಡಿಸಿಕೊಂಡು ಹಾಸಿಗೆಗೆ ತುಂಬುವ ಹತ್ತಿಯ ಹಾಗೆ ಹೊರಬರುತ್ತವೆ. ಅದಕ್ಕೆ ಅಂಟು ಮತ್ತು ಸ್ವಲ್ಪ ಮೇಣ ಬೆರೆಸಿ, ಒಣಗಿಸಿ, ದಪ್ಪವಾಗಿ ಹರಡಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತಿದರೆ ಹಲಗೆ ಸಿದ್ಧ. ಎಷ್ಟು ನಾರನ್ನು ಎಷ್ಟು ಜಾಗಕ್ಕೆ ಒತ್ತಿದ್ದಾರೆ ಎನ್ನುವುದರ ಮೇಲೆ ಅದು ಎಂಡಿಎಫ್ ಆಗುತ್ತದೋ ಎಚ್‌ಡಿಎಫ್ ಆಗುತ್ತದೋ ಎಂಬುದು ನಿಂತಿದೆ.

ಹಾರ್ಡ್‌ಬೋರ್ಡ್ ಹುಟ್ಟಿದ್ದು ಅಮೆರಿಕದ ಮಿಸಿಸಿಪಿಯ ಲಾರೆಲ್ ಎಂಬ ಊರಿನಲ್ಲಿ, 1924ರಲ್ಲಿ. ವಿಲಿಯಂ ಮೇಸನ್ ಎಂಬಾತ ಸಾಮಿಲ್ಲಿನಲ್ಲಿ ಸುಮ್ಮನೆ ಸುಡುತ್ತಿದ್ದ ಮರದ ಚೂರುಗಳನ್ನು ಕಂಡು ಮರುಗಿದ. ಆವಿಯ ಒತ್ತಡದಲ್ಲಿ ಅವನ್ನು ಸಿಡಿಸಿ ನಾರು ಮಾಡಿದ. ಬೇಕಾಗಿದ್ದದ್ದು ಶಾಖ ತಡೆಯುವ ಮೆತ್ತನೆಯ ಹಲಗೆ. ಒಂದು ದಿನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒತ್ತುಯಂತ್ರ ಆರದೆ ಕಾದೇ ಇತ್ತಂತೆ. ತೆರೆದು ನೋಡಿದರೆ ಒಳಗೆ ಕಲ್ಲಿನಂಥ ತೆಳು ಹಲಗೆ! ಚೆಲ್ಲುವ ಚೂರಿನಲ್ಲಿ ಉಪಯೋಗ ಕಾಣುವ ಇಂಥ ಕಣ್ಣು ನನಗೆ ತುಂಬಾ ಇಷ್ಟ.

ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಬೀದಿಯ ಆಚಾರಿ ಮಾಮನ ಹತ್ತಿರ 18 ಮಿಲಿಮೀಟರ್ ದಪ್ಪದ ನಾರು ಹಲಗೆಯ ತುಂಡು ಕೇಳಿ. 10 ಸೆಂಟಿಮೀಟರ್ ಚೌಕವಾಗಿ ಕೊಯ್ದುಕೊಡಲಿ. ಅದರ ಗಾತ್ರ 180 ಘನ ಸೆಂಟಿಮೀಟರ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮುಗಳನ್ನು 180ರಿಂದ ಭಾಗಿಸಿ. ಅದೇ ಹಲಗೆಯ ಸಾಂದ್ರತೆ. 126 ಗ್ರಾಂ ಬಂದರೆ ಉತ್ತರ 0.7, ಅದು ಎಂಡಿಎಫ್. 153 ಗ್ರಾಂ ಬಂದರೆ 0.85, ಅದು ಎಚ್‌ಡಿಎಫ್. ಸಾಮಾನ್ಯವಾಗಿ 0.8ರಿಂದ ಮೇಲಕ್ಕೆ ಎಚ್‌ಡಿಎಫ್ ಎಂದು ಲೆಕ್ಕ. ನೀರಿನ ಸಾಂದ್ರತೆ 1 ಅಲ್ಲವೇ? ಹಾಗಾಗಿ ಎಚ್‌ಡಿಎಫ್ ತುಂಡು ಬಕೆಟ್ಟಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಮುಳುಗಿ ತೇಲುತ್ತದೆ. ಇದೇ ದಪ್ಪದ, ಎಂಟಡಿ ಉದ್ದ ನಾಲ್ಕಡಿ ಅಗಲದ ಎಚ್‌ಡಿಎಫ್‌ನ ಒಂದು ಪೂರ್ತಿ ಶೀಟು ಸುಮಾರು 45 ಕಿಲೋ ತೂಗುತ್ತದೆ. ನೀವು ಎತ್ತಲು ಹೋಗಬೇಡಿ.

ಇಷ್ಟು ಕಷ್ಟಪಟ್ಟು ಮರವನ್ನು ಬಿಡಿಸಿ ಮತ್ತೆ ಕೂಡಿಸುವುದೇಕೆ? ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗಿ ಕಿರುಗುಟ್ಟುವುದನ್ನು ನೋಡಿದ್ದೀರಿ. ಗಾಳಿಯ ತೇವ ಹೀರಿದ ಮರ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಕಣ್ಣಿಗೆ ಕಾಣದಷ್ಟು. ನಾರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದೇ ಇದಕ್ಕೆ ಕಾರಣ. ನಾರು ಹಲಗೆಯಲ್ಲಿ ಅವು ಎಲ್ಲ ದಿಕ್ಕಿಗೂ ಹರಡಿವೆ. ಹಾಗಾಗಿ ಉದ್ದ ಅಗಲ ಎರಡೂ ಕಡೆ ಒಂದೇ ಹದ. ಸೊಟ್ಟಗಾಗುವುದು ಕಡಿಮೆ, ಗಂಟಿಲ್ಲ, ಬಣ್ಣ ಹಚ್ಚಿದರೆ ನಯವಾಗಿ ಕೂರುತ್ತದೆ. ವಾರ್ಡ್‌ರೋಬಿನ ಬಾಗಿಲು, ಓದುವ ಮೇಜಿನ ಮೇಲುಹಲಗೆ, ಅಚ್ಚೊತ್ತಿದ ಕೋಣೆ ಬಾಗಿಲಿನ ತೆಳು ಹೊದಿಕೆ ಇವೆಲ್ಲಕ್ಕೂ ಇದು ಒಳ್ಳೆಯದು.

ಆದರೆ ಒತ್ತಿದ ನಾರು ಒತ್ತಡವನ್ನು ಮರೆತಿರುವುದಿಲ್ಲ. ನೀರು ಒಳಗಿಳಿದರೆ ದಪ್ಪದಲ್ಲಿ ಉಬ್ಬುತ್ತದೆ, ಒಣಗಿದ ಮೇಲೆ ಹಳೆಯ ದಪ್ಪಕ್ಕೆ ಪೂರ್ತಿ ಮರಳುವುದಿಲ್ಲ. ತೂಗಿದ ತುಂಡಿನ ದಪ್ಪವನ್ನು ಅಳೆದು ಬರೆದಿಟ್ಟುಕೊಂಡು, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಪ್ರಯೋಗಾಲಯಗಳಲ್ಲೂ 24 ಗಂಟೆ ನೆನೆಸಿಯೇ ಪರೀಕ್ಷೆ ಮಾಡುತ್ತಾರೆ. ಎರಡು ಅಂಗಡಿಯ ತುಂಡು ಸಿಕ್ಕರೆ ಒಟ್ಟಿಗೇ ನೆನೆಸಿ. ಕಡಿಮೆ ಉಬ್ಬಿದ್ದೇ ಒಳ್ಳೆಯ ಹಲಗೆ. ಒಳಗೆ ಹಸಿರು ಬಣ್ಣ ಕಂಡ ಮಾತ್ರಕ್ಕೆ ನಂಬಬೇಡಿ. ಬಣ್ಣ ಗುರುತಿಗೆ ಮಾತ್ರ, ತೇವ ತಡೆಯುವುದು ಅಂಟು ಮತ್ತು ಮೇಣ. ತೇವ ತಡೆಯುವ ಹಲಗೆಯಾದರೂ ಬಚ್ಚಲಿಗೆ, ಸಿಂಕಿನ ಕೆಳಗೆ, ಜಗಲಿಗೆ ಬೇಡ. ನೀರು ಮೊದಲು ನುಗ್ಗುವುದು ಕೊಯ್ದ ಅಂಚಿನಿಂದ. ಆದ್ದರಿಂದ ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಲೇಬೇಕು. ಗೆದ್ದಲಿಗೂ ಇದು ಮರವೇ, ಮದ್ದು ಸೇರಿಸದಿದ್ದರೆ ತಿಂದುಹಾಕುತ್ತದೆ.

ಪುಸ್ತಕದ ಶೆಲ್ಫು ಮಾಡಿಸುವಾಗ ಇನ್ನೊಂದು ವಿಷಯ. ನಾರು ಒಂದೇ ದಿಕ್ಕಿಗೆ ಇಲ್ಲದ್ದರಿಂದ ಈ ಹಲಗೆ ಮರದಷ್ಟು ಬಾಗುವಿಕೆ ತಡೆಯದು. ಶೆಲ್ಫಿನ ಉದ್ದ ಎರಡು ಪಟ್ಟಾಗಿ, ಉದ್ದಕ್ಕೂ ಪುಸ್ತಕ ತುಂಬಿದರೆ ಬಗ್ಗುವುದು ಎರಡು ಪಟ್ಟಲ್ಲ, ಹದಿನಾರು ಪಟ್ಟು! ಎರಡು ಎರಡೂವರೆ ಅಡಿಗೊಂದು ಆಸರೆ ಕೊಡಿಸಿ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಡ್ರಿಲ್ಲಿನಿಂದ ಸಣ್ಣ ತೂತು ಕೊರೆಯಬೇಕು. ಇಲ್ಲದಿದ್ದರೆ ಹಲಗೆ ಪದರ ಪದರವಾಗಿ ಬಿರಿಯುತ್ತದೆ.

ಕೊನೆಯದು ನಿಮ್ಮ ಮೂಗಿಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಬಳಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ. ಹೆಚ್ಚಾದರೆ ಆರೋಗ್ಯಕ್ಕೆ ಕೆಟ್ಟದ್ದು. ಕೊಳ್ಳುವಾಗ ಶೀಟಿನ ಮೇಲೆ ಈ ಅನಿಲ ಕಡಿಮೆ ಎಂದು ಸೂಚಿಸುವ ಇ1 ಅಥವಾ ಇ0 ಎಂಬ ಗುರುತು ಇದೆಯೇ ಎಂದು ಅಪ್ಪ ಅಮ್ಮನಿಗೆ ನೋಡಲು ಹೇಳಿ. ಹೊಸ ಪೀಠೋಪಕರಣ ಬಂದ ಮೇಲೆ ಕೆಲವು ವಾರ ಕಿಟಕಿ ತೆರೆದಿಡಿ. ಹಲಗೆ ಕೊಯ್ಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀವು ದೂರ ನಿಲ್ಲಿ, ಮತ್ತು ಆಚಾರಿ ಮಾಮನಿಗೆ ಒಂದು ಒಳ್ಳೆಯ ಮಾಸ್ಕ್ ಕೊಟ್ಟು ಕಟ್ಟಿಕೊಳ್ಳಲು ಹೇಳಿ.