ಬೆಟ್ಟದ ಶಾಲೆ, ಬನಿಯನ್ ಊರು

ನಗರದ ಬಡತನದಲ್ಲಿ ಬೆಳೆಯುವ ಮಕ್ಕಳೆಲ್ಲ ನಗರದಲ್ಲೇ ಹುಟ್ಟಿದವರಲ್ಲ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಕನ್ನಡ ಮನೆಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಮಳೆ ನೆಚ್ಚಿದ ಹೊಲ, ಬತ್ತಿದ ಬೋರು, ಕೈಗೆ ಬಂದ ಬೆಳೆಗೆ ರಾತ್ರಿ ನುಗ್ಗುವ ಆನೆ. ಎರಡು ವರ್ಷ ಹೀಗೇ ಆದರೆ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಕೊಯಮತ್ತೂರಿಗೋ ಬನಿಯನ್ ಕಂಪನಿಗಳ ತಿರುಪ್ಪೂರಿಗೋ ಹೋಗುತ್ತಾರೆ. ಅಲ್ಲಿನ ಲೈನ್ ಮನೆಯಲ್ಲಿ ಒಂದೇ ಕೋಣೆ, ಸಾಲಿಗೆಲ್ಲ ಸೇರಿ ಒಂದು ನಲ್ಲಿ. ಇಂಥ ಮಗುವಿನ ಬದುಕನ್ನು ಶಾಲೆ ಬದಲಿಸಬಲ್ಲದು, ಬದಲಿಸಿಯೂ ಇದೆ. ಅದು ಮಗುವಿನ ಕೈ ಬಿಡುವುದು ಎಲ್ಲಿ ಎಂಬುದರ ಬಗ್ಗೆ ಮಾತ್ರ ಕನ್ನಡ ಸಂಘಗಳಲ್ಲಿ ನಡೆಯುವ ಚರ್ಚೆ ದಾರಿ ತಪ್ಪಿದೆ.

ಹಿನ್ನೆಲೆ ಎಲ್ಲರೂ ಬಲ್ಲದ್ದೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅದೇ ವರ್ಷದ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಸಿಗಬೇಕೆಂದು ಅದು ಹೇಳುತ್ತದೆ. ತಾಳವಾಡಿಯಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ, ತಮಿಳು ಮಾಧ್ಯಮವೂ ಇದೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ತಂದು ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ವರ್ಷಕ್ಕೊಂದು ತರಗತಿಯಂತೆ ಏರುತ್ತ 2015-16ಕ್ಕೆ ಅದು ಹತ್ತನೇ ತರಗತಿ ಮುಟ್ಟಿತು. ಆಮೇಲಿನದೆಲ್ಲ ಕೋರ್ಟಿನ ಕಥೆ. ಭಾಷಾ ಅಲ್ಪಸಂಖ್ಯಾತರಿಗೆ ಹತ್ತನೇ ತರಗತಿಯ ತಮಿಳು ಪರೀಕ್ಷೆಯಿಂದ 2023ರಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷದ ವಿನಾಯಿತಿ ಕೊಟ್ಟಾಗ ಅದನ್ನು ಗೆಲುವೆಂದು ಕೊಂಡಾಡಿದವರು ಬಹಳ. ಯಾರ ಗೆಲುವು ಎಂದು ಕೇಳಿದವರು ಕಡಿಮೆ.

ಮೈಸೂರು, ಚಾಮರಾಜನಗರಗಳತ್ತ ಓದಲು ಹೋಗುವ ಹುಡುಗನಿಗೆ ವಿನಾಯಿತಿಯಿಂದ ಲಾಭವಿದೆ. ಘಾಟಿ ಇಳಿಯುವವನಿಗೆ ಇಲ್ಲ. ಇಳಿಯುವವರೇ ಹೆಚ್ಚು ಬಡವರು.

ಇಳಿದ ಮಗುವಿಗೆ ಶಾಲೆಯಲ್ಲಿ ಆಗುವುದೇನು ಎಂಬುದನ್ನು ಗಣಿತದ ತರಗತಿಯಲ್ಲಿ ನೋಡಬೇಕು. ಅಂಕಿಗಳು ಎರಡು ಮಾಧ್ಯಮದ ಪುಸ್ತಕಗಳಲ್ಲೂ ಒಂದೇ ಆದ್ದರಿಂದ ಗಣಿತಕ್ಕೆ ಭಾಷೆಯ ತೊಡಕಿಲ್ಲವೆಂದು ಹಿರಿಯರು ನಂಬಿದ್ದಾರೆ. ಕನ್ನಡದ ಹುಡುಗನಿಗೆ ತಮಿಳಿನ ಕೂಟ್ಟಲ್, ಕಳಿತ್ತಲ್ ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತವೆ. ಕೂಡುವುದು, ಕಳೆಯುವುದು ಅವನ ಮನೆಯ ಮಾತೇ. ಗುಣಾಕಾರ ಭಾಗಾಕಾರ ಕಲಿತವನು ಪೆರುಕ್ಕಲ್, ವಗುತ್ತಲ್ ಎಂದಾಗ ಕಣ್ಣು ಬಿಡುತ್ತಾನೆ. ಲಿಪಿಯೂ ಕಾಡುತ್ತದೆ. ಕ, ಖ, ಗ, ಘ ಎಂದು ನಾಲ್ಕು ಅಕ್ಷರ ತಿದ್ದಿ ಬಂದವನು ತಮಿಳಿನ ಒಂದೇ ಅಕ್ಷರವನ್ನು ಎಲ್ಲಿ ಕ ಎನ್ನಬೇಕು, ಎಲ್ಲಿ ಗ ಎನ್ನಬೇಕು ಎಂದು ಊಹಿಸುತ್ತ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಲೆಕ್ಕದ ಮೊದಲ ಸಾಲು ಮರೆತಿರುತ್ತದೆ. ಬಿಡಿ ಲೆಕ್ಕ ಬರುತ್ತದೆ, ಮಾತಿನ ಲೆಕ್ಕ ಬರುವುದಿಲ್ಲ. ಐದನೇ ತರಗತಿಯ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಮಾತಿನ ಲೆಕ್ಕವೇ.

ಅದೇ ಹುಡುಗ ಶನಿವಾರ ಸಂಜೆ ಅಪ್ಪನ ಪೀಸ್ ರೇಟಿನ ಸಂಬಳವನ್ನು ಡಜನ್ನಿಗೆ ಇಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ. ಇದು ತಿರುಪ್ಪೂರಿಗೆ ಮಾತ್ರ ಸೇರಿದ ವಿಚಿತ್ರವಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಗಳ ಸಂತೆಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ಸಂತೆಯಲ್ಲಿ ಚುರುಕಾಗಿ ಚಿಲ್ಲರೆ ಎಣಿಸುವ ಮಕ್ಕಳು ಶಾಲೆಯ ಲೆಕ್ಕದಲ್ಲಿ ಸೋಲುತ್ತಾರೆ, ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋಲುತ್ತಾರೆ. ಹಳೆಯ ಕಾಲದ ಗಡಿ ಮೇಷ್ಟರುಗಳಿಗೆ ಇದಕ್ಕೆ ಅಧ್ಯಯನ ಬೇಕಿರಲಿಲ್ಲ. ಮಗ್ಗಿ ಒಪ್ಪಿಸಿದ ಮೇಲೆ ಬಾಯಿಲೆಕ್ಕ; ಒಂದು ಲೆಕ್ಕವನ್ನು ಕನ್ನಡದಲ್ಲಿ ಕೇಳಿ, ಅದನ್ನೇ ತಮಿಳಿನಲ್ಲಿ ತಿರುಗಿಸಿ ಕೇಳಿ, ತಡವರಿಸಿದವನ ಕಿವಿ ಹಿಂಡುತ್ತಿದ್ದರು. ಕಿವಿ ಹಿಂಡುವುದು ಹೋದದ್ದು ಒಳ್ಳೆಯದಾಯಿತು. ಎರಡು ಸಲ ಕೇಳುವುದೂ ಅದರ ಜೊತೆಗೇ ಹೋಯಿತು.

ಹಿಂದೆ ಬಿದ್ದ ಮಗುವನ್ನು ಮೇಲೆತ್ತುವುದು ಅಸಾಧ್ಯವೇನಲ್ಲ. ಮುಂಬಯಿ, ವಡೋದರಾಗಳಲ್ಲಿ 2001ರಿಂದ 2003ರವರೆಗೆ 'ಪ್ರಥಮ್' ಸಂಸ್ಥೆ ನಡೆಸಿದ ಬಾಲಸಖಿ ಪ್ರಯೋಗದಲ್ಲಿ ಅದೇ ಬಡಾವಣೆಯ ಯುವತಿಯರು ಮೂರು, ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕ ಹೇಳಿಕೊಟ್ಟರು. ಮಕ್ಕಳ ಕಲಿಕೆ ಕಣ್ಣಿಗೆ ಕಾಣುವಂತೆ ಸುಧಾರಿಸಿತು. ಕಾನೂನೂ ಅಡ್ಡ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ವಯಸ್ಸಿಗೆ ತಕ್ಕ ತರಗತಿಯನ್ನೂ ವಿಶೇಷ ತರಬೇತಿಯನ್ನೂ ಕೊಡುತ್ತದೆ. 5ನೇ ಕಲಮಿನ ಪ್ರಕಾರ ಟಿ.ಸಿ. ತಡವಾಯಿತೆಂದು ಮಗುವನ್ನು ಬಾಗಿಲಲ್ಲೇ ತಡೆಯುವಂತಿಲ್ಲ. ಹೊಟ್ಟೆಯ ವಿಷಯದಲ್ಲಂತೂ ತಮಿಳುನಾಡು ಹಿಂದೆ ಬಿದ್ದಿಲ್ಲ. ಕಾಮರಾಜರ ಮಧ್ಯಾಹ್ನದ ಊಟ, 1982ರಲ್ಲಿ ಎಂಜಿಆರ್ ಅದನ್ನು ಹಿಗ್ಗಿಸಿದ್ದು, 2022ರ ಸೆಪ್ಟೆಂಬರ್‌ನಿಂದ ಬೆಳಗಿನ ತಿಂಡಿ. ಆರು ಗಂಟೆಗೇ ಕಂಪನಿಗೆ ಹೊರಡಬೇಕಾದ ತಾಯಿಗೆ ಆ ತಿಂಡಿಯ ಬೆಲೆ ಗೊತ್ತು.

ಹದಿನಾಲ್ಕರಲ್ಲಿ ಬೇರೊಂದು ಬಾಗಿಲು ತೆರೆಯುತ್ತದೆ. ಶಿಕ್ಷಣದ ಹಕ್ಕು ಅಲ್ಲಿಗೆ ಮುಗಿಯುತ್ತದೆ. 2016ರ ಬಾಲಕಾರ್ಮಿಕ ತಿದ್ದುಪಡಿಯೂ ಹದಿನಾಲ್ಕು ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಓದು ತೊಡರಿದ ಹುಡುಗ ಟೈಲರಿನ ಪಕ್ಕ ಕೈಮಡಿಯಾಗಿ ಕೂತು ಬಟ್ಟೆ ಮಡಿಸಿ ಕೊಡುತ್ತಾನೆ, ಇಲ್ಲವೇ ಹೊಲಿದ ಬನಿಯನ್ನಿನ ಪಿಸಿರು ನೂಲು ಕತ್ತರಿಸುತ್ತಾನೆ. ದಿನಕ್ಕೆ ಒಂದೂವರೆ ಶಿಫ್ಟು, ಎಂದರೆ ಹನ್ನೆರಡು ಗಂಟೆ. ಹುಡುಗಿಗೆ ಸ್ಪಿನ್ನಿಂಗ್ ಮಿಲ್ಲಿನ ಹಾಸ್ಟೆಲು. ಸುಮಂಗಲಿ ಎಂಬ ಹೆಸರಿನಲ್ಲಿ ಮೂರು ವರ್ಷ ದುಡಿಸಿ, ಕೊನೆಗೆ ಮದುವೆ ಖರ್ಚಿಗೆಂದು ಇಡಿಗಂಟು ಕೊಡುವ ಪದ್ಧತಿ ಈ ಭಾಗದ ಮಿಲ್ಲುಗಳಲ್ಲಿ ಕುಖ್ಯಾತ. ಇದಕ್ಕೆ ಎದುರಾಗಿ ನಿಂತಿರುವುದು 2022ರ ಪುದುಮೈ ಪೆಣ್ ಯೋಜನೆ: ಪದವಿಗೆ ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ. ಆದರೆ 6ರಿಂದ 12ರವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲೇ ಓದಿರಬೇಕೆಂಬುದು ಅದರ ಮೂಲ ನಿಯಮ. ಕನ್ನಡದ ಆಸೆಗೆ ನಡುವೆ ಎರಡು ವರ್ಷ ಗಡಿಯಾಚೆ ಓದಿ ಬಂದ ಹುಡುಗಿ ಈ ನಿಯಮಕ್ಕೆ ಸಿಕ್ಕಿಬೀಳುತ್ತಾಳೆ.

ಈ ಮಾತು ಎತ್ತಿದರೆ ಸಭೆಯಲ್ಲಿ ಯಾರಾದರೊಬ್ಬರು ಇದೇ ತಾಳವಾಡಿ ಸೀಮೆಯ ಗಾಜನೂರಿನ ನಟ ರಾಜ್‌ಕುಮಾರ್ ಎಷ್ಟು ಓದಿದ್ದರು ಎಂದು ಕೇಳುವುದುಂಟು. ಅವರು ಚಿಕ್ಕಂದಿನಲ್ಲೇ ಶಾಲೆ ಬಿಟ್ಟದ್ದು ನಿಜ. ಆದರೆ ತಂದೆಯ ಜೊತೆ ಸೇರಿದ ಗುಬ್ಬಿ ನಾಟಕ ಕಂಪನಿಯಲ್ಲಿ ಭಾಷೆ, ಸಂಗೀತ, ಶಿಸ್ತು ಎಲ್ಲಕ್ಕೂ ಗುರುಗಳಿದ್ದರು. ಇಂದು ಅದೇ ಊರಿನ ಸುತ್ತಮುತ್ತ ಶಾಲೆ ಬಿಟ್ಟವನಿಗೆ ಸಿಗುವುದು ಬನಿಯನ್ ಕಂಪನಿ.

ಮೊದಲ ತರಗತಿಗಳು ಕನ್ನಡದಲ್ಲೇ ನಡೆಯಬೇಕು. ಅಕ್ಷರ ಕೂರುವುದು ತಿಳಿದ ಮಾತಿನ ಮೇಲೆ, ಇದರಲ್ಲಿ ತಕರಾರಿಲ್ಲ. ಅದರ ಜೊತೆಗೆ ತಮಿಳನ್ನು ಒಂದನೇ ತರಗತಿಯಿಂದಲೇ ಮಾತಾಗಿ, ಮೂರರಿಂದ ಲೆಕ್ಕದ ಭಾಷೆಯಾಗಿಯೂ ಕಲಿಸಬೇಕು. ವಿನಾಯಿತಿ ಕೇಳುವವರು ಇದನ್ನು ಶರಣಾಗತಿ ಎನ್ನುತ್ತಾರೆ. ಅವರ ಅಂಜಿಕೆಯನ್ನು ತಳ್ಳಿಹಾಕುವುದು ಸುಲಭವಲ್ಲ. ತಮಿಳು ಚೆನ್ನಾಗಿ ಬಂದ ಮೇಲೆ ತಂದೆತಾಯಿ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆಯೇ? ಶಾಲೆ ಉಳಿಯುವುದು ಮುಖ್ಯವೋ, ಶಾಲೆಯ ಮಗು ಉಳಿಯುವುದು ಮುಖ್ಯವೋ? ಎರಡೂ ಉಳಿಯುವ ದಾರಿ ಇದೆಯೇ? ಸಂಘಗಳಲ್ಲಿ ಇದಕ್ಕೆ ಎದೆ ತಟ್ಟಿ ಉತ್ತರ ಹೇಳುವವರ ಮಕ್ಕಳು ಬಹುತೇಕ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ.

ಅಷ್ಟರಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಗಡಿನಾಡ ಶಾಲೆಗಳಿಗೆ ಪ್ರತಿ ವರ್ಷ ಬ್ಯಾಗು, ನೋಟ್‌ಬುಕ್ಕು ಹಂಚಿ ಫೋಟೋ ತೆಗೆಸಿಕೊಳ್ಳುವ ಕನ್ನಡ ಸಂಘಗಳು ಒಂದು ವರ್ಷದ ಆ ಹಣದಲ್ಲಿ, ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ತಮಿಳು ಇರುವ ಮಾತಿನ ಲೆಕ್ಕದ ಪುಸ್ತಕವೊಂದನ್ನು ತಾಳವಾಡಿಯ ಮೇಷ್ಟರುಗಳಿಂದಲೇ ಬರೆಸಿ ಅಚ್ಚು ಹಾಕಿಸಲಿ.