ಬಿಳಿಯ ಚಹವೂ ಮನೆಯ ಕಷಾಯವೂ

ಮೈಸೂರು ಸೀಮೆಯವರಾದ ನಮಗೆ ಕಾಫಿಯನ್ನು ಕುರಿತು ಯಾರೂ ಉಪದೇಶ ಮಾಡಬೇಕಾದುದಿಲ್ಲ. ಬೀಜ ಹುರಿದ ಹದ, ಡಿಕಾಕ್ಷನ್ನಿನ ಗಾಢತೆ, ಹಾಲಿನ ಬಿಸಿ ಇವುಗಳಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಮನೆಯ ಯಜಮಾನರ ಹುಬ್ಬು ಗಂಟಿಕ್ಕುತ್ತದೆ. ಚಹದ ವಿಷಯದಲ್ಲಿಯಾದರೋ ಅದೇ ಮಹನೀಯರು ಪರಮ ಉದಾರಿಗಳು. ಪುಡಿಯನ್ನು ನೀರಿಗೆ ಸುರಿದು, ಹಾಲು ಸಕ್ಕರೆಗಳನ್ನು ಬೆರೆಸಿ, ಉಕ್ಕಿ ಬರುವವರೆಗೆ ಕುದಿಸಿ ಕೊಟ್ಟುದನ್ನು ಮಾತಿಲ್ಲದೆ ಕುಡಿಯುತ್ತಾರೆ. ಆ ಪಾನೀಯವನ್ನು ನಾವು ಹಳಿಯುವುದಿಲ್ಲ. ಮಳೆಗಾಲದ ಸಂಜೆ ಅದಕ್ಕೆ ಸಲ್ಲತಕ್ಕ ಮರ್ಯಾದೆ ಸಂದೇ ಸಲ್ಲುತ್ತದೆ. ಆದರೆ ಅದರಲ್ಲಿ ನಾಲಗೆಗೆ ಗೋಚರವಾಗುವುದು ಹಾಲು, ಸಕ್ಕರೆ, ಶುಂಠಿ. ಎಲೆಯ ರುಚಿ ಎಂತಹದೆಂಬುದನ್ನು ಅರಿಯದೆಯೇ ಒಂದು ಜೀವಮಾನ ಕಳೆದುಹೋಗಬಹುದು. ಈ ಅಭ್ಯಾಸದ ಬಲದಿಂದಲೇ, ಈಗ ಪೇಟೆಯಲ್ಲಿ ದೊರೆಯುವ ಬಿಳಿಯ ಚಹವನ್ನೂ, ಹರ್ಬಲ್ ಟೀ ಎಂದು ಮಾರುವ ಗಿಡಮೂಲಿಕೆಯ ಪಾನೀಯಗಳನ್ನೂ ಕುದಿಸಿ ಕೆಡಿಸಿ, ‘ಇದರಲ್ಲೇನಿದೆ, ಬರಿಯ ಬಿಸಿನೀರು’ ಎಂದು ಡಬ್ಬಿಯನ್ನು ಅಟ್ಟಕ್ಕೇರಿಸುವವರು ಬಹು ಮಂದಿ.

ಬಿಳಿಯ ಚಹವೆಂಬುದು ಬೇರೊಂದು ಗಿಡದ ಎಲೆಯಲ್ಲ. ಕಪ್ಪು, ಹಸುರು, ಬಿಳಿ ಎಲ್ಲವೂ ಕಮೆಲಿಯ ಸೈನೆನ್ಸಿಸ್ ಎಂಬ ಒಂದೇ ಸಸ್ಯದ ಸಂತಾನ, ಭೇದವೆಲ್ಲ ಸಂಸ್ಕಾರದಲ್ಲಿ. ಕಪ್ಪು ಚಹಕ್ಕಾಗಿ ಎಲೆಯನ್ನು ಹೊಸಕಿ, ಗಾಳಿ ತಾಗಿ ಕಂದುಬಣ್ಣಕ್ಕೆ ತಿರುಗುವಂತೆ ಬಿಡುತ್ತಾರೆ. ಹಸುರು ಚಹಕ್ಕಾಗಿ ಎಲೆಯನ್ನು ಬಿಸಿಮಾಡಿ ಆ ಕ್ರಿಯೆಯನ್ನು ಮೊದಲೇ ತಡೆಯುತ್ತಾರೆ. ಬಿಳಿಯ ಚಹಕ್ಕೆ ಹೊಸಕುವುದೂ ಇಲ್ಲ, ಹುರಿಯುವುದೂ ಇಲ್ಲ. ತೆಳ್ಳಗೆ ಹರಡಿ ಎರಡು ಮೂರು ದಿನ ಬಾಡಿಸಿ ಒಣಗಿಸುವುದಷ್ಟೆ. ಇದರ ತವರು ಚೀನದ ಫೂಜಿಯನ್ ಪ್ರಾಂತದ ಫೂಡಿಂಗ್ ಮತ್ತು ಝೆಂಗ್‌ಹೆ ಸೀಮೆಗಳು. ವಸಂತದ ಆರಂಭದಲ್ಲಿ, ಇನ್ನೂ ಬಿಚ್ಚದ ಚಿಗುರುಮೊಗ್ಗುಗಳನ್ನು ಮಾತ್ರ ಬಿಡಿಸಿ ಮಾಡಿದುದಕ್ಕೆ ‘ಬೆಳ್ಳಿಯ ಸೂಜಿ’ ಎಂದು ಹೆಸರು. ಮೊಗ್ಗಿನೊಡನೆ ಒಂದೆರಡು ಎಳೆಯೆಲೆಗಳೂ ಸೇರಿದರೆ ಅದು ‘ಬಿಳಿಯ ಪಿಯೊನಿ’. ಮೊಗ್ಗಿನ ಮೇಲಣ ಬೆಳ್ಳನೆಯ ನವಿರೇ ಹೆಸರಿಗೆ ಕಾರಣ. ನಮ್ಮ ನೆರೆಯ ನೀಲಗಿರಿಯಲ್ಲಿಯೂ ಡಾರ್ಜಿಲಿಂಗಿನಲ್ಲಿಯೂ ಈಗ ಇದನ್ನು ತಯಾರಿಸುತ್ತಾರೆ. ಸೋಂಗ್ ವಂಶದ ಚಕ್ರವರ್ತಿ ಹ್ವೀಟ್ಸುಂಗ್, 1107ರ ಸುಮಾರಿನಲ್ಲಿ ತಾನು ಬರೆದ ಚಹದ ಗ್ರಂಥದಲ್ಲಿ ಬಿಳಿಯ ಚಹವನ್ನು ಬಹಳವಾಗಿ ಕೊಂಡಾಡಿದ್ದಾನೆ. ಅವನು ಹೇಳಿದುದು ಅಪರೂಪದ ಒಂದು ಜಾತಿಯ ಬಿಳಿಚಿದ ಎಲೆಯನ್ನು, ಇಂದಿನ ಬಿಳಿಯ ಚಹವನ್ನಲ್ಲ. ಎಲೆಯ ಗುಣವನ್ನು ಅಷ್ಟು ಬಲ್ಲ ಆ ದೊರೆ 1127ರಲ್ಲಿ ಜುರ್ಚೆನ್ನರ ಸೆರೆಯಾಳಾಗಿ ಉತ್ತರಕ್ಕೆ ಹೋಗಬೇಕಾಯಿತೆಂಬುದು ಬೇರೆಯ ಮಾತು.

ಇಂತಹ ಕೋಮಲ ವಸ್ತುವಿಗೆ ಕುದಿತವು ಶತ್ರು. ಎಲೆಯಲ್ಲಿರುವ ಥಿಯನೀನ್ ಎಂಬ ಅಮೈನೋ ಆಮ್ಲವು ಸವಿಗೆ ಮೂಲ. ಅದು ಸಾಧಾರಣ ಬಿಸಿಯಲ್ಲಿಯೇ ನೀರಿಗಿಳಿಯುತ್ತದೆ. ಒಗರನ್ನೂ ಕಹಿಯನ್ನೂ ಕೊಡುವ ವಸ್ತುಗಳು ಬಿಸಿ ಏರಿದಷ್ಟೂ ಹೆಚ್ಚು ಇಳಿಯುತ್ತವೆ. ಪರಿಮಳವೋ ಹಬೆಯೊಡನೆ ಹೊರಟುಹೋಗುತ್ತದೆ. ಅಡಿಗೆಮನೆಯೆಲ್ಲ ಘಮಘಮಿಸಿದರೆ ಬಟ್ಟಲಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಈ ವಿವೇಕವು ನಮ್ಮವರಿಗೆ ಹೊಸದೇನೂ ಅಲ್ಲ. ಶಾರ್ಙ್ಗಧರಸಂಹಿತೆಯು ಕಷಾಯಗಳನ್ನು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಮೊದಲಿನ ಎರಡು ಹಿಂಡಿದ ರಸ ಮತ್ತು ಅರೆದ ಮುದ್ದೆ. ಅವು ಇಲ್ಲಿ ಬೇಡ. ಕುದಿಸಿ ಬತ್ತಿಸಿದುದು ಕ್ವಾಥ. ಬಿಸಿನೀರು ಹಾಕಿ ನೆನೆಯಲು ಬಿಟ್ಟು ಸೋಸಿದುದು ಫಾಂಟ. ತಣ್ಣೀರಿನಲ್ಲಿ ಇರುಳೆಲ್ಲ ನೆನೆಯಿಸಿದುದು ಹಿಮ. ಕಾಲಕ್ರಮದಲ್ಲಿ ನಮ್ಮ ಮನೆಗಳಲ್ಲಿ ಕ್ವಾಥವೊಂದೇ ಕಷಾಯವೆನಿಸಿಕೊಂಡು, ಉಳಿದವುಗಳ ಹೆಸರು ವೈದ್ಯರ ಬಾಯಲ್ಲಿ ಮಾತ್ರ ಉಳಿಯಿತು. ಕೊತ್ತಂಬರಿಬೀಜ, ಜೀರಿಗೆ, ಮೆಣಸು, ಒಣಶುಂಠಿಗಳನ್ನು ಪುಡಿಮಾಡಿ ಹಾಲು ಬೆಲ್ಲಗಳೊಡನೆ ಮಾಡುವ ಮಲೆನಾಡಿನ ಕಷಾಯವನ್ನು ಕುದಿಸುವುದೇ ನ್ಯಾಯ, ಏಕೆಂದರೆ ಬೀಜ ತೊಗಟೆಗಳು ಬೆಂಕಿಯಿಲ್ಲದೆ ಸಾರವನ್ನು ಬಿಟ್ಟುಕೊಡವು. ತುಳಸಿ, ಪುದೀನ, ಮಜ್ಜಿಗೆಹುಲ್ಲು, ಪರದೇಶದಿಂದ ಬರುವ ಕ್ಯಾಮೊಮೈಲ್ ಹೂವು, ಇವಕ್ಕೆ ಫಾಂಟದ ಕ್ರಮವೇ ಯೋಗ್ಯ. ಇವುಗಳ ಮೇಲೆ ಆಗತಾನೆ ಕುದಿದ ನೀರನ್ನೇ ಹೊಯ್ದು ಐದಾರು ನಿಮಿಷ ತಟ್ಟೆ ಮುಚ್ಚಿಡಬೇಕು. ತಟ್ಟೆಯ ಒಳಮೈಯಲ್ಲಿ ನಿಂತ ಹನಿಗಳನ್ನು ಮತ್ತೆ ಬಟ್ಟಲಿಗೆ ಬೀಳಿಸಬೇಕು. ಪರಿಮಳವು ಅಲ್ಲಿಯೂ ಇದೆ.

ಬಿಳಿಯ ಚಹಕ್ಕೆ ಇನ್ನೂ ಮೆಲ್ಲನೆಯ ಉಪಚಾರ ಬೇಕು. 150 ಮಿಲಿಲೀಟರು ನೀರಿಗೆ ಎರಡರಿಂದ ಮೂರು ಗ್ರಾಂ ಎಲೆ ಸಾಕು. ಇದು ಹಗುರವಾಗಿ ಅರಳಿಕೊಂಡಿರುವುದರಿಂದ ಚಮಚದ ಅಳತೆ ಮೋಸಮಾಡುತ್ತದೆ. ಒಂದು ಚಮಚ ಪುಡಿಯ ತೂಕಕ್ಕೆ ಇಲ್ಲಿ ಎರಡು ಮೂರು ಚಮಚ ಬೇಕಾದೀತು. ನೀರು 80ರಿಂದ 85 ಡಿಗ್ರಿಯಷ್ಟಿರಲಿ. ಉಷ್ಣಮಾಪಕವಿಲ್ಲದವರು ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಹೊಯ್ದರೆ ಸರಿಸುಮಾರಾಗಿ ಆ ಹದಕ್ಕೆ ಬರುತ್ತದೆ. ಕಾಫಿಯನ್ನು ಆರಿಸಿ ಪಳಗಿದ ನಮ್ಮ ಕೈಗೆ ಅದೇನು ಕಷ್ಟ? ಮೂರು ನಾಲ್ಕು ನಿಮಿಷಗಳಾದ ಮೇಲೆ ಸೋಸತಕ್ಕುದು. ಅದೇ ಎಲೆಗೆ ಮತ್ತೆ ಎರಡು ಸಲ ನೀರೆರೆಯಬಹುದು, ಸಮಯವನ್ನು ಮಾತ್ರ ಸ್ವಲ್ಪ ಹೆಚ್ಚಿಸಬೇಕು. ಬೋರುಬಾವಿಯ ಗಡಸುನೀರಿನಲ್ಲಿ ಮೇಲೆ ಪೊರೆ ಕಟ್ಟಿ ರುಚಿ ಮಂಕಾಗುತ್ತದೆ. ಮೆದುನೀರು ದೊರೆತರೆ ಅದನ್ನೇ ಬಳಸುವುದು ಲೇಸು.

ಬಟ್ಟಲು ಬಿಳಿಯ ಪಿಂಗಾಣಿಯದಾಗಿರಲಿ. ಸ್ಟೀಲಿನ ಲೋಟವು ತುಟಿಯನ್ನು ಸುಡುತ್ತದೆ, ಒಣಹುಲ್ಲಿನ ಆ ತಿಳಿಬಣ್ಣವನ್ನು ಮರೆಮಾಡುತ್ತದೆ. ಇಂಗಿನ ಒಗ್ಗರಣೆ ಹಾಕಿದ ಗಳಿಗೆಯಲ್ಲಿ ಇದನ್ನು ಸವಿಯಲು ಕೂರಬಾರದು. ಚಹವನ್ನು ಪರೀಕ್ಷಿಸುವ ವೃತ್ತಿಯವರು ಗುಟುಕನ್ನು ಸೊರ್ ಎಂದು ಗಾಳಿಯೊಡನೆ ಎಳೆದುಕೊಳ್ಳುತ್ತಾರೆ. ಮನೆಯಲ್ಲಿ ಮಕ್ಕಳಿಗೆ ನಾವು ಬೇಡವೆನ್ನುವ ಈ ಸದ್ದೇ ಅವರ ವಿದ್ಯೆ. ಕಾರಣವಿಷ್ಟೆ: ರುಚಿಯೆಂದು ನಾವು ಕರೆಯುವುದರ ಬಹುಭಾಗವು ಗಂಧ, ಅದು ಬಾಯ ಹಿಂಬದಿಯಿಂದ ಮೂಗಿಗೇರುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲನೆ ಉಸಿರು ಬಿಟ್ಟು ನೋಡಿ. ಒಣಹುಲ್ಲಿನ ನೆನಪು, ಹೂವಿನ ಛಾಯೆ, ತೆಳುವಾದ ಜೇನಿನ ಸಿಹಿ ಒಂದಾದಮೇಲೊಂದು ಬರುತ್ತವೆ. ಮೊದಲ ದಿನವೇ ಬಾರದಿದ್ದರೆ ನಿರಾಶರಾಗಬೇಕಾದುದಿಲ್ಲ. ಸಂಗೀತದಲ್ಲಿ ಶ್ರುತಿಜ್ಞಾನವೂ ಮೊದಲ ಕಛೇರಿಗೇ ಬಂದುದಲ್ಲ.

ದುಃಖದ ಸಂಗತಿಯೆಂದರೆ, ಇವನ್ನು ಕೊಳ್ಳುವವರಲ್ಲಿ ಅನೇಕರು ಔಷಧವೆಂದು ಕೊಳ್ಳುತ್ತಾರೆ, ಔಷಧದಂತೆಯೇ ಮೂಗು ಮುಚ್ಚಿಕೊಂಡು ಕುಡಿಯುತ್ತಾರೆ. ಡಬ್ಬಿಯ ಮೇಲಣ ಆಶ್ವಾಸನೆಗಳನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದಂತೂ ಅಪಾಯ. ಬಿಳಿಯ ಚಹದಲ್ಲಿ ಕೆಫೀನ್ ಇಲ್ಲವೆಂಬುದು ಸುಳ್ಳು. ಎಳೆಯ ಮೊಗ್ಗಿನಲ್ಲಿ ಅದು ಧಾರಾಳವಾಗಿಯೇ ಇರುತ್ತದೆ, ನಿದ್ರೆ ಸೂಕ್ಷ್ಮವಾಗಿರುವವರು ಸಂಜೆಯ ಮೇಲೆ ಇದನ್ನು ಮುಟ್ಟದಿರುವುದು ಒಳ್ಳೆಯದು. ಊಟದೊಡನೆ ಚಹ ಕುಡಿದರೆ ಆಹಾರದಲ್ಲಿರುವ ಕಬ್ಬಿಣದಂಶವು ಮೈಗೆ ಹತ್ತುವುದು ಕಡಮೆಯಾಗುತ್ತದೆ. ರಕ್ತಹೀನತೆಯುಳ್ಳ ನಮ್ಮ ಹೆಣ್ಣುಮಕ್ಕಳು ಒಂದು ಗಂಟೆಯಾದರೂ ಅಂತರವಿಡಬೇಕು. ಗಿಡಮೂಲಿಕೆಯೆಲ್ಲ ನಿರಪಾಯವೆಂಬುದೂ ಭ್ರಮೆ. ಗಂಟಲಿಗೆ ಹಿತವಾದ ಅತಿಮಧುರವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ.

ಹಿಮವನ್ನು ಕುರಿತು ಒಂದು ಮಾತು ಉಳಿದಿದೆ. ಬೇಸಗೆಯಲ್ಲಿ ಕುಡಿಯುವ ನೀರಿನ ಹೂಜಿಗೆ ಲಾವಂಚದ ಬೇರನ್ನು ಹಾಕಿಡುವ ಮನೆಗಳಲ್ಲಿ ಹೆಸರು ತಿಳಿಯದೆಯೇ ಅದು ಇನ್ನೂ ನಡೆದಿದೆ. ಬಿಳಿಯ ಚಹಕ್ಕೂ ಈ ಕ್ರಮ ಬಹಳ ಒಪ್ಪುತ್ತದೆ. ಅರ್ಧ ಲೀಟರು ಶುದ್ಧವಾದ ತಣ್ಣೀರಿಗೆ ಐದಾರು ಗ್ರಾಂ ಎಲೆ ಹಾಕಿ, ಬಾಯಿ ಮುಚ್ಚಿ, ರಾತ್ರಿ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಬೆಳಗ್ಗೆ ಸೋಸಿದರೆ ಒಗರು ತೀರ ಕಡಮೆಯಾಗಿ ಸವಿಯೇ ಮುಂದಾಗಿರುತ್ತದೆ. ಸಕ್ಕರೆ ಬೇಕೆನಿಸಿದವರು ಮೊದಲ ಬಟ್ಟಲನ್ನು ಹಾಗೆಯೇ ಕುಡಿದು, ಎರಡನೆಯದಕ್ಕೆ ಹಾಕಿಕೊಳ್ಳಲಿ.