ಕಾಗದದ ಗೋಡೆ, ಹುಲ್ಲಿನ ಸೂರು



ದಪ್ಪ ಕಾಗದದ ಒಂದು ಹಾಳೆ, ಒಂದು ಬ್ಲೇಡು, ಒಂದು ಸ್ಕೇಲು, ಸ್ವಲ್ಪ ಅಂಟು. ಇಷ್ಟಿದ್ದರೆ ಒಂದು ಮನೆ ಕಟ್ಟಬಹುದು. ಇದು ಬರೀ ಮಕ್ಕಳ ಆಟವಲ್ಲ. ಕಾಗದದಲ್ಲಿ ಮಾದರಿ ಕಟ್ಟುವುದು ಯುರೋಪಿನಲ್ಲಿ ದೊಡ್ಡವರ ಹವ್ಯಾಸವೂ ಹೌದು. 1940ರ ದಶಕದಲ್ಲಿ ಬ್ರಿಟನ್ನಿನಲ್ಲಿ ‘ಮೈಕ್ರೋಮಾಡೆಲ್ಸ್’ ಎಂಬ ಹೆಸರಿನ, ಅಂಚೆ ಕಾರ್ಡಿನಷ್ಟೇ ಅಗಲದ ಹಾಳೆಗಳು ಮಾರಾಟವಾಗುತ್ತಿದ್ದವು. ಅದರ ಮೇಲೆ ಅಚ್ಚಾದ ಚೂರುಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿದರೆ ಹಡಗೋ, ರೈಲು ಎಂಜಿನ್ನೋ, ಹಳೆಯ ಕಟ್ಟಡವೋ ಅಂಗೈ ಮೇಲೆ ಎದ್ದು ನಿಲ್ಲುತ್ತಿತ್ತು.

ಈ ಹವ್ಯಾಸ ಸ್ಕಾಟ್ಲೆಂಡಿನ ಹಳೆಯ ಮನೆಗಳನ್ನು ಕೈಗೆತ್ತಿಕೊಂಡಾಗ ಒಂದು ವಿಚಿತ್ರ ಕಾಣಿಸುತ್ತದೆ. ಕೆಲವು ಮನೆಗಳು ಕಾಗದಕ್ಕೆ ಒಗ್ಗುತ್ತವೆ, ಕೆಲವು ಸುತರಾಂ ಒಗ್ಗುವುದಿಲ್ಲ. ಹೀಗೆ ಒಗ್ಗದ ಮನೆಗಳೇ ಹೆಚ್ಚು ಕಥೆ ಹೇಳುತ್ತವೆ.

ಮೊದಲು ಸುಲಭದ್ದನ್ನು ನೋಡೋಣ. ಸ್ಕಾಟ್ಲೆಂಡಿನ ಪೂರ್ವ ಭಾಗದಲ್ಲಿ ಫೈಫ್ ಎಂಬ ಪ್ರಾಂತವಿದೆ. ಅಲ್ಲಿ ಕ್ರೇಲ್, ಪಿಟನ್‌ವೀಮ್ ಮುಂತಾದ ಮೀನುಗಾರರ ಪಟ್ಟಣಗಳಿವೆ. ಅಲ್ಲಿನ ಮನೆಗಳದು ಕಲ್ಲಿನ ಗೋಡೆ. ಅದರ ಮೇಲೆ ಸುಣ್ಣದ ಗಾರೆಗೆ ಸಣ್ಣ ಕಲ್ಲು ಬೆರೆಸಿ ಎರಚಿದ ಒರಟು ಲೇಪ, ಚಾವಣಿಗೆ ಬಾಗಿದ ಕೆಂಪು ಹೆಂಚು. ಮನೆಯ ಪಕ್ಕದ ಗೋಡೆಯ ಇಳಿಜಾರು ಅಂಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಜನ ಅದನ್ನು ಕರೆಯುವುದು ‘ಕಾಗೆ ಮೆಟ್ಟಿಲು’ ಎಂದೇ. ಕೆಲವು ಬಾಗಿಲುಗಳ ಮೇಲಿನ ಕಲ್ಲಿನಲ್ಲಿ ಆ ಮನೆಗೆ ಬಂದ ದಂಪತಿಗಳ ಹೆಸರಿನ ಮೊದಲಕ್ಷರಗಳೂ ಇಸವಿಯೂ ಇರುತ್ತವೆ. ಇಂಥ ಮನೆಗಳು ಪಾಳು ಬೀಳುತ್ತಿದ್ದಾಗ, 1960ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಒಂದು ಯೋಜನೆ ಆರಂಭಿಸಿತು. ಹಳೆಯ ಚಿಕ್ಕ ಮನೆ ಕೊಳ್ಳುವುದು, ದುರಸ್ತಿ ಮಾಡುವುದು, ವಾಸಿಸುವವರಿಗೆ ಮಾರುವುದು, ಬಂದ ಹಣದಲ್ಲಿ ಮತ್ತೊಂದನ್ನು ಕೊಳ್ಳುವುದು.

ಈ ಮನೆಗಳು ಕಾಗದಕ್ಕೆ ಹೇಳಿ ಮಾಡಿಸಿದಂತಿವೆ. ನಾಲ್ಕು ಗೋಡೆಗಳನ್ನು ಒಂದೇ ಪಟ್ಟಿಯಾಗಿ ಬರೆದುಕೊಂಡು, ಮೂರು ಕಡೆ ಮಡಿಸಿ, ಕೊನೆಯ ಅಂಚನ್ನು ಅಂಟಿಸಿದರೆ ಮನೆ ನಿಂತಂತೆ. ಮಡಿಸುವ ಗೆರೆಯ ಮೇಲೆ ಮೊದಲು ಮೊಂಡು ಮೊನೆಯಿಂದ ಒತ್ತಿ ಎಳೆಯಬೇಕು, ಇಲ್ಲವಾದರೆ ಮೂಲೆ ನೆಟ್ಟಗೆ ಬಾರದು. ಕತ್ತರಿಸಿದ ಅಂಚು ಬೆಳ್ಳಗೆ ಕಾಣದಂತೆ ಬಣ್ಣ ತಾಗಿಸಬೇಕು. ಗುಟ್ಟು ಇಷ್ಟೇ.

ಈಗ ಕಷ್ಟದ ಮನೆ. ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಲೂಯಿಸ್ ದ್ವೀಪವಿದೆ. ಅಲ್ಲಿನ ಹಳೆಯ ಮನೆಗೆ ‘ಕಪ್ಪು ಮನೆ’ ಎಂದು ಹೆಸರು. ಆರ್ನಾಲ್ ಎಂಬ ಹಳ್ಳಿಯ 42ನೇ ಸಂಖ್ಯೆಯ ಕಪ್ಪು ಮನೆಯಲ್ಲಿ 1960ರ ದಶಕದವರೆಗೂ ಜನ ವಾಸವಿದ್ದರು. ಇಂದು ಅದು ಸಂರಕ್ಷಿತ ಸ್ಮಾರಕ.

ಈ ಮನೆಗೆ ನೆಟ್ಟನೆಯ ಮೂಲೆಗಳೇ ಇಲ್ಲ. ಬಿರುಗಾಳಿ ಜಾರಿ ಹೋಗಲೆಂದು ಎಲ್ಲವನ್ನೂ ದುಂಡಗೆ ಮಾಡಲಾಗಿದೆ. ಗೋಡೆಯೂ ಒಂದಲ್ಲ, ಎರಡು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಒಳಗೋಡೆ, ಹೊರಗೋಡೆ, ನಡುವೆ ತುಂಬಿದ ಮಣ್ಣು. ಒಟ್ಟು ದಪ್ಪ ಐದು ಅಡಿ ಮೀರುವುದುಂಟು. ನೂರಕ್ಕೆ ಒಂದರ ಪ್ರಮಾಣದಲ್ಲಿ ಮಾದರಿ ಕಟ್ಟಿದರೂ ಗೋಡೆಯೇ ಒಂದೂವರೆ ಸೆಂಟಿಮೀಟರ್ ದಪ್ಪವಾಗುತ್ತದೆ. ಒಂದು ಹಾಳೆಯಿಂದ ಇದು ಸಾಧ್ಯವಿಲ್ಲ. ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟಂತೆ ಎರಡು ಮನೆಗಳನ್ನು ಕಟ್ಟಬೇಕು.

ಚಾವಣಿ ಕೂರಿಸುವಾಗ ಹೊಸಬರು ತಪ್ಪುವುದು ಇಲ್ಲಿಯೇ. ರೂಢಿಯಂತೆ ಅದನ್ನು ಗೋಡೆಯಾಚೆ ಚಾಚುತ್ತಾರೆ. ಆದರೆ ಕಪ್ಪು ಮನೆಯ ಚಾವಣಿ ಒಳಗೋಡೆಯ ಮೇಲಷ್ಟೇ ಕೂತಿರುತ್ತದೆ. ಗಾಳಿ ಹಿಡಿದು ಎತ್ತಲು ಅಂಚೇ ಇಲ್ಲ. ಹುಲ್ಲಿನ ಮೇಲೆ ಹಗ್ಗ ಹಾಯಿಸಿ, ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ಈ ಜಾಣತನ ಚಿತ್ರ ನೋಡಿದವರ ಗಮನಕ್ಕೆ ಬಾರದೆ ಹೋಗಬಹುದು, ಕಾಗದದಲ್ಲಿ ಕಟ್ಟಿದವರ ಕೈಗೆ ಮಾತ್ರ ತಪ್ಪದೆ ತಿಳಿಯುತ್ತದೆ.

ಆ ಚಾವಣಿಯನ್ನು ಎತ್ತಿ ಒಳಗೆ ನೋಡಿದರೆ ಒಂದು ಕಡೆ ಜನ, ಇನ್ನೊಂದು ಕಡೆ ದನ. ಇಬ್ಬರಿಗೂ ಒಂದೇ ಸೂರು. ನೆಲದ ನಡುವೆ ಪೀಟ್ ಉರಿಯುವ ಬೆಂಕಿ. ಪೀಟ್ ಎಂದರೆ ಜೌಗು ನೆಲದಿಂದ ಅಗೆದು ಒಣಗಿಸಿದ, ಕೊಳೆತ ಸಸ್ಯಗಳ ಹೆಂಟೆ. ಹೊಗೆಗೂಡು ಇಲ್ಲ, ಹೊಗೆ ಹುಲ್ಲಿನ ಸಂದಿನಿಂದಲೇ ಹೊರಡಬೇಕು. ಹೊಗೆಯ ಮಸಿ ಹಿಡಿದ ಆ ಹುಲ್ಲನ್ನು ತೆಗೆದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಅಂದರೆ ಮನೆಯ ಚಾವಣಿಯೂ ಬೇಸಾಯದ ಒಂದು ಅಂಗ.

ಹೊರಗಿನಿಂದ ಬಂದವರು ಇದನ್ನು ಕೊಳಕು ಎಂದರು, ಸೋಮಾರಿತನ ಎಂದರು. ಆದರೆ ಬಹುಪಾಲು ರೈತರು ಜಮೀನ್ದಾರನ ಮರ್ಜಿಯಲ್ಲಿದ್ದ ಗೇಣಿದಾರರು. ಅವನು ಬಿಡು ಎಂದರೆ ಬಿಡಬೇಕು. ನಾಳೆ ಯಾರ ಪಾಲಾಗುವುದೋ ಗೊತ್ತಿಲ್ಲದ ಮನೆಗೆ ಹೊಗೆಗೂಡು ಕಟ್ಟಿಸುವವರು ಯಾರು? 1886ರ ಕಾಯಿದೆ ಬಂದ ಮೇಲೆಯೇ ಈ ಸಣ್ಣ ರೈತರಿಗೆ ಭೂಮಿಯ ಮೇಲೆ ಭದ್ರ ಹಕ್ಕು, ಮಾಡಿದ ಸುಧಾರಣೆಗೆ ಪರಿಹಾರ ಸಿಕ್ಕಿದ್ದು.

ಆ ಹಕ್ಕು ಇಲ್ಲದಿದ್ದ ಕಾಲದಲ್ಲಿ ಏನು ನಡೆಯಿತೆಂಬುದಕ್ಕೆ ದ್ವೀಪ ಬಿಟ್ಟು ಮುಖ್ಯ ಭೂಭಾಗದ ಉತ್ತರಕ್ಕೆ, ಸದರ್‌ಲ್ಯಾಂಡಿನ ಸ್ಟ್ರಾತ್‌ನೇವರ್ ಕಣಿವೆಗೆ ಬರಬೇಕು. ಕುರಿ ಸಾಕಣೆಗೆ ಜಾಗ ಬೇಕೆಂದು 1814ರಲ್ಲಿ ಅಲ್ಲಿನ ರೈತರನ್ನು ಒಕ್ಕಲೆಬ್ಬಿಸಲಾಯಿತು. ಹೋದವರು ಮರಳಿ ಬಾರದಿರಲೆಂದು ಚಾವಣಿಯ ಮರಗಳಿಗೆ ಬೆಂಕಿ ಇಡಲಾಯಿತು. ಮರವೇ ಅಪರೂಪವಾದ ಆ ನಾಡಿನಲ್ಲಿ ಕಲ್ಲು, ಮಣ್ಣು ಎಲ್ಲಿಯೂ ಸಿಕ್ಕೀತು, ಚಾವಣಿಯ ತೊಲೆ ಸಿಗದು. ತೊಲೆ ಸುಟ್ಟರೆ ಮನೆಯೇ ಸುಟ್ಟಂತೆ. ಒಕ್ಕಲೆಬ್ಬಿಸಿದ ಪ್ಯಾಟ್ರಿಕ್ ಸೆಲ್ಲರ್ ಎಂಬಾತನ ಮೇಲೆ ಮನೆ ಸುಟ್ಟ, ಸಾವಿಗೆ ಕಾರಣನಾದ ಆರೋಪದಲ್ಲಿ 1816ರಲ್ಲಿ ಇನ್ವರ್‌ನೆಸ್‌ನಲ್ಲಿ ವಿಚಾರಣೆ ನಡೆಯಿತು. ಆತ ನಿರ್ದೋಷಿ ಎಂದು ತೀರ್ಪಾಯಿತು.

ಅದೇ ಕಣಿವೆಯ ರೋಸಲ್ ಎಂಬ ಹಳ್ಳಿಯಲ್ಲಿ ಪ್ರಾಕ್ತನ ತಜ್ಞ ಹೊರೇಸ್ ಫೇರ್‌ಹರ್ಸ್ಟ್ 1962ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಇಂದು ಉಳಿದಿರುವುದು ಹುಲ್ಲಿನಡಿ ಕಾಣುವ ಗೋಡೆಗಳ ಬುಡ ಮಾತ್ರ. ಅಂಥ ಮನೆಯ ಮಾದರಿ ಕಟ್ಟ ಹೊರಟವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ನೆಲದ ಅಳತೆ ಇದೆ, ಎತ್ತರ ಎಷ್ಟಿತ್ತು? ಬಾಗಿಲ ಮೇಲೆ ಏನಿತ್ತು? ಊಹಿಸಿ ಕಟ್ಟಿದರೆ ಚೆಂದ ಕಾಣುತ್ತದೆ, ಆದರೆ ಊಹೆಯೇ ಇತಿಹಾಸವಾಗಿಬಿಡುತ್ತದೆ. ಹಾಗಾಗಿ ಗೊತ್ತಿರುವಷ್ಟನ್ನು ಬಣ್ಣದ ಕಾಗದದಲ್ಲಿ, ಊಹಿಸಿದ್ದನ್ನು ಬಿಳಿಯ ಕಾಗದದಲ್ಲಿ ಕಟ್ಟುವುದು ಪ್ರಾಮಾಣಿಕ ದಾರಿ. ನೋಡುವವರಿಗೆ ಎಲ್ಲಿ ನೆನಪು ಮುಗಿಯಿತು, ಎಲ್ಲಿ ಕಲ್ಪನೆ ಶುರುವಾಯಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಂಥ ಮನೆಗಳನ್ನು ಉಳಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರೂ ಇದ್ದಾರೆ. ಇಸಾಬೆಲ್ ಗ್ರಾಂಟ್ ಎಂಬ ಮಹಿಳೆ 1935ರಲ್ಲಿ ಅಯೋನಾ ದ್ವೀಪದಲ್ಲಿ ಹಳ್ಳಿಗರ ಮನೆವಾರ್ತೆಯ ವಸ್ತುಗಳನ್ನು ಕಲೆಹಾಕಿ ಸಂಗ್ರಹಾಲಯ ತೆರೆದರು. ಅದಕ್ಕೆ ಆಕೆ ಇಟ್ಟ ಗೇಲಿಕ್ ಹೆಸರಿನ ಅರ್ಥ ‘ಆಸರೆ’. ಅದೇ ಮುಂದೆ ಬೆಳೆದು ಹೈಲ್ಯಾಂಡ್ ಜಾನಪದ ಸಂಗ್ರಹಾಲಯವಾಯಿತು. ಅಲ್ಲಿ ಹಳೆಯ ಕಾಲದ ಹಳ್ಳಿಯ ಮನೆಗಳನ್ನು ಪೂರ್ಣ ಗಾತ್ರದಲ್ಲಿಯೇ ಮತ್ತೆ ಕಟ್ಟಿದ್ದಾರೆ.

ಸಂಗ್ರಹಾಲಯಕ್ಕೆ ಎಲ್ಲರೂ ಹೋಗಲಾರರು. ಕಾಗದ ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಹೊಗೆಯ ವಾಸನೆ ಬಾರದು, ದನದ ಮೈಯ ಬಿಸಿ ತಾಗದು. ಆದರೆ ಬಡವರು ಇದ್ದುದರಲ್ಲೇ ಎಷ್ಟು ಯೋಚಿಸಿ ಮನೆ ಕಟ್ಟಿದ್ದರು ಎಂಬುದು ಬೆರಳಿಗೆ ತಿಳಿಯುತ್ತದೆ.

ಕೊನೆಗೆ ಒಂದು ಕಿವಿಮಾತು. ಇಂಥ ಮಾದರಿಯ ಚಾವಣಿಯನ್ನು ಗೋಡೆಗೆ ಅಂಟಿಸಬಾರದು, ಸುಮ್ಮನೆ ಮೇಲೆ ಇಡಬೇಕು. ಎತ್ತಿದರೆ ಒಳಗಿನ ಬದುಕು ಕಾಣಬೇಕು. ಸ್ಟ್ರಾತ್‌ನೇವರಿನ ಜನರ ಸೂರು ಒಮ್ಮೆ ಹೋದದ್ದು ಮರಳಲಿಲ್ಲ. ಈ ಕಾಗದದ ಸೂರನ್ನಾದರೂ ನೋಡಿದವರು ಜೋಪಾನವಾಗಿ ಮತ್ತೆ ಅದರ ಜಾಗದಲ್ಲಿ ಇಡಬಹುದು.